ಗಿರ್ಮಿಟ್ಟಿಗೆ ಬಿದ್ದ ಬಿಳಿ ಪತಂಗ

ಹಾನಗಲ್ ಕಡೆ ಮಳೆಗಾಲದ ರಾತ್ರಿ ಅಂಗಡಿಯ ಟ್ಯೂಬ್‌ಲೈಟ್ ಹತ್ತಿದರೆ ಮುಗಿಯಿತು, ಗಿರ್ಮಿಟ್ಟಿನಲ್ಲಿ ಉಳ್ಳಾಗಡ್ಡಿಗಿಂತ ಹುಳುವೇ ಜಾಸ್ತಿ. ಬಸ್ಯಾನ ಪ್ಲೇಟಿಗೆ ಬಿದ್ದದ್ದು ಒಂದು ಸಣ್ಣ ಬಿಳಿ ಪತಂಗ.

"ಗೆದ್ದಲು, ಊದಿ ತಿನ್ನು" ಎಂದೆ.

"ಗೆದ್ದಲಿನ ರೆಕ್ಕೆ ಮೇಲೆ ಕಂದು ಗೀರು, ಚುಕ್ಕೆ ಇರುತ್ತವೇನು?" ಶಂಕ್ರ್ಯಾ ಮೊಬೈಲ್ ಟಾರ್ಚ್ ಹಾಕಿದ. ಕೃಷಿ ಡಿಪ್ಲೊಮಾ ಓದಿದವನ ಮುಂದೆ ಹುಳು ಬಿದ್ದರೆ ಊಟ ತಡ ಅಂತಲೇ ಲೆಕ್ಕ.

"ಹಾಗಾದರೆ ಭತ್ತದ ಕಾಂಡ ಕೊರೆಯುವ ಹುಳುವಿನದ್ದು" ಎಂದ ಬಸ್ಯಾ.

"ಅದರ ಹೆಣ್ಣು ಹಳದಿ. ಮುಂದಿನ ರೆಕ್ಕೆಗೆ ಒಂದೊಂದೇ ಕಪ್ಪು ಚುಕ್ಕೆ. ಇದು ಕೊಳವೆ ಹುಳುವಿನ ಪತಂಗ, ಪಾರಾಪಾಯಿಂಕ್ಸ್ ಸ್ಟಾಗ್ನಾಲಿಸ್."

"ಬೈಯಬೇಡಲೇ, ತಿನ್ನುವ ಹೊತ್ತಿನಲ್ಲಿ!"

ಪತಂಗಕ್ಕಿಂತ ಮರಿಯ ಕಥೆಯೇ ದೊಡ್ಡದು. ಅದು ಭತ್ತದ ಎಲೆಯ ತುದಿ ಕತ್ತರಿಸಿ, ಸುರುಳಿ ಸುತ್ತಿ, ಒಳಗೆ ರೇಷ್ಮೆ ನೂಲು ಹಚ್ಚಿ, ಆ ಕೊಳವೆಯೊಳಗೇ ಕೂತು ಗದ್ದೆಯ ನೀರಿನ ಮೇಲೆ ತೇಲುತ್ತದೆ. ಗಿಡ ಹತ್ತಿ ಎಲೆಯ ಹಸಿರು ಕೆರೆದು ತಿಂದರೆ ಉಳಿಯುವುದು ಕಾಗದದಂಥ ಬಿಳಿ ಪಟ್ಟಿ.

"ಮುಳುಗಿ ಸಾಯುವುದಿಲ್ಲವಾ?"

"ಮೈಗೆ ಎಳೆ ಎಳೆ ಕಿವಿರು ಇವೆ. ನೀರೊಳಗೇ ಉಸಿರಾಡುತ್ತದೆ."

ಬಸ್ಯಾ ಸೋತು, "ಬಟ್ಟೆ ತಾನೇ ಹೊಲಿದುಕೊಳ್ಳುತ್ತದೆ, ಬಾಡಿಗೆ ಇಲ್ಲ, ಬಸ್ ಚಾರ್ಜ್ ಇಲ್ಲ. ನನಗಿಂತ ಸುಖಿ" ಎಂದ.

ಇಷ್ಟು ಹೊತ್ತು ಸುಮ್ನೆ ಚಹಾ ಕುಡಿಯುತ್ತಿದ್ದ ರುದ್ರಪ್ಪ ಕಾಕಾ ಬಾಯಿಬಿಟ್ಟರು. "ಹಗ್ಗಕ್ಕೆ ಸೀಮೆಎಣ್ಣೆ ಹಚ್ಚಿ, ಇಬ್ಬರು ಆ ಬದು ಈ ಬದು ಹಿಡಿದು ಪೈರಿನ ಮೇಲೆ ಎಳೆಯುತ್ತಿದ್ದೆವು. ಕೊಳವೆ ಎಲ್ಲ ನೀರಿಗೆ ಉದುರುತ್ತಿದ್ದವು. ಆಮೇಲೆ ನೀರು ಹೊರಗೆ ಬಿಟ್ಟು ಎರಡು ಮೂರು ದಿನ ಗದ್ದೆ ಒಣಗಿಸಬೇಕು. ನೀರಿಲ್ಲದೆ ಅದು ಬದುಕಲ್ಲ."

"ಆ ನೀರು ಎಲ್ಲಿಗೆ ಬಿಡುತ್ತಿದ್ರಿ ಕಾಕಾ?" ಶಂಕ್ರ್ಯಾ ಕೇಳಿದ. ಅವನ ಮುಖದಲ್ಲೇ ಜಗಳ ಕಾಣುತ್ತಿತ್ತು.

"ಎಲ್ಲಿಗೆ ಅಂದರೆ? ಕೆಳಗಿನ ಗದ್ದೆಗೆ."

"ಅಂದರೆ ನಮ್ಮ ಗದ್ದೆಗೆ! ತೇಲುವ ಕೊಳವೆಗಳನ್ನು ನೀರು ಹೋಗುವ ಬಾಯಲ್ಲೇ ತಡೆದು ಆರಿಸಿ ತೆಗೆಯಬೇಕು, ಇಲ್ಲದಿದ್ದರೆ ಹುಳು ನೀರಿನ ಜೊತೆಗೇ ಮುಂದಿನ ಗದ್ದೆಗೆ ಹೋಗುತ್ತದೆ."

"ಹೌದಾ?" ಕಾಕಾ ಅರ್ಧ ಚಹಾ ಬಿಟ್ಟು ಎದ್ದರು. "ನಿಮ್ಮಪ್ಪ ಬಂದು ಕೇಳಿದಾಗ ಮಳೆ ಜಾಸ್ತಿ ಆಗಿದ್ದಕ್ಕೆ ಹುಳು ಬಿತ್ತು ಅಂದಿದ್ದೆ. ನೀನೇನೂ ಹೇಳಬೇಡ. ಇವತ್ತಿನ ಗಿರ್ಮಿಟ್ ದುಡ್ಡು ನಂದು."

ಬಸ್ಯಾ ತಕ್ಷಣ ಇನ್ನೊಂದು ಪ್ಲೇಟ್ ಹೇಳಿದ, ಜೊತೆಗೆ ಮಿರ್ಚಿ.