ಸಹಾಯ ಬೇಕು: ಸಿಸೇರಿಯನ್ ಆದ ಹೊಟ್ಟೆಗೆ ಲೈಪೋಸಕ್ಷನ್ ಸರಿನಾ?

ಅಕ್ಕ ತಂಗೀರೇ, ನಂಗೆ 36 ವರ್ಷ, ಎರಡು ಸಿಸೇರಿಯನ್ ಆಗಿದೆ, ಚಿಕ್ಕೋನಿಗೆ ಈಗ 4 ವರ್ಷ. ದಿನಾ ವಾಕಿಂಗು, ರಾತ್ರಿ ಅನ್ನ ಬಿಟ್ಟು ಎಲ್ಲಾ ಮಾಡಿ 79 ಇದ್ದೋಳು 66 ಕೆಜಿಗೆ ಬಂದೆ, ಆದ್ರೆ ಹೊಲಿಗೆ ಮೇಲೆ ಜೋತು ಬಿದ್ದಿರೋ ಹೊಟ್ಟೆ ಮಾತ್ರ ಹೋಗ್ತಾನೇ ಇಲ್ಲ, ಸೀರೆ ಉಟ್ರೆ ಈಗ್ಲೂ ಎಷ್ಟು ತಿಂಗಳು ಅಂತ ಕೇಳ್ತಾರೆ, ಅಳು ಬರುತ್ತೆ.

ಒಂದು ಕ್ಲಿನಿಕ್ಕಲ್ಲಿ ಹೊಟ್ಟೆ ಮುಟ್ಟಿನೂ ನೋಡ್ದೆ ಲೈಪೋಸಕ್ಷನ್ (ಕೊಳವೆ ಹಾಕಿ ಕೊಬ್ಬು ಹೀರಿ ತೆಗ್ಯೋದು) ಮಾಡ್ಸಿ, ಅವತ್ತೇ ಮನೆಗೆ ಹೋಗ್ಬೋದು ಅಂದ್ರು. ಇನ್ನೊಬ್ರು ಪ್ಲಾಸ್ಟಿಕ್ ಸರ್ಜನ್ ಮಲಗಿಸಿ, ತಲೆ ಎತ್ತಿಸಿ ನೋಡಿ, ನಿಮ್ಗೆ ಹೊಟ್ಟೆ ಮಧ್ಯದ ಸ್ನಾಯು ಬಿಟ್ಕೊಂಡಿದೆ, ಲೈಪೋ ಚರ್ಮದ ಕೆಳಗಿನ ಕೊಬ್ಬು ಮಾತ್ರ ತೆಗ್ಯುತ್ತೆ, ಸಡಿಲ ಚರ್ಮ ಹೋಗಲ್ಲ, ಸ್ನಾಯುನೂ ಕೂಡಲ್ಲ, ಮೊದ್ಲು ಫಿಸಿಯೋ (ಹೊಟ್ಟೆ ಸ್ನಾಯುಗೆ ಹೇಳ್ಕೊಡೋ ವ್ಯಾಯಾಮ) ಮಾಡಿ, ಆಗ್ಲಿಲ್ಲ ಅಂದ್ರೆ ಟಮ್ಮಿ ಟಕ್ (ಸಡಿಲ ಚರ್ಮ ತೆಗ್ದು ಸ್ನಾಯು ಕೂಡಿಸಿ ಹೊಲಿಯೋ ಆಪರೇಷನ್) ನೋಡೋಣ ಅಂದ್ರು. ನಂಗೆ ಇವ್ರ ಮಾತೇ ಸರಿ ಅನ್ಸುತ್ತೆ.

ಅಮ್ಮಂಗಂತೂ ಭಯ, 2022ರಲ್ಲಿ ಬೆಂಗಳೂರಲ್ಲಿ ಸೀರಿಯಲ್ ನಟಿ ಚೇತನಾ ರಾಜ್ 21 ವರ್ಷಕ್ಕೇ ಕೊಬ್ಬು ತೆಗೆಸೋಕೆ ಹೋಗಿ ತೀರ್ಕೊಂಡಿದ್ದು ಇನ್ನೂ ಮರ್ತಿಲ್ಲ. ನಂಗೆ ಥೈರಾಯ್ಡ್ ಮಾತ್ರೆ ಬೇರೆ ನಡೀತಿದೆ.

ಹೀಗೆ ಸ್ನಾಯು ಬಿಟ್ಕೊಂಡಿದ್ದು ಬರೀ ಲೈಪೋ ಮಾಡಿಸ್ಕೊಂಡೋರಿಗೆ ಹೊಟ್ಟೆ ನಿಜ್ವಾಗ್ಲೂ ಕಮ್ಮಿ ಆಯ್ತಾ? ಫಿಸಿಯೋಲಿ ಎಷ್ಟು ತಿಂಗ್ಳಿಗೆ ವ್ಯತ್ಯಾಸ ಗೊತ್ತಾಯ್ತು? ಅನಸ್ತೇಶಿಯಾ ಡಾಕ್ಟ್ರು, ಐಸಿಯು ಇದ್ಯಾ ಅನ್ನೋದು ಬಿಟ್ರೆ ಆಸ್ಪತ್ರೇಲಿ ಇನ್ನೇನು ಕೇಳ್ಬೇಕು? ಅನುಭವ ಇದ್ದೋರು ದಯವಿಟ್ಟು ಹೇಳಿ.