ಅಪ್‌ಡೇಟ್: ಹಳೆಯ ಐ7 ತೆಗೆದು ಹೊಸ ಐ3 ಹಾಕಿದೆ

ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್. ನಾನು ಕೇಳಿದ್ದು ಇಷ್ಟೇ: 2013ರ ಇಂಟೆಲ್ ಪ್ರೊಸೆಸರ್ ಐ7-4770 ಬಿಟ್ಟು 2022ರ ಐ3-12100 ಹಾಕಿದರೆ ಕಂಪ್ಯೂಟರ್ ಫಾಸ್ಟ್ ಆಗುತ್ತಾ, ಇಲ್ಲಾ ಐ7ನಿಂದ ಐ3ಗೆ ಇಳಿದಂತಾಗುತ್ತಾ?

ಫಾಸ್ಟ್ ಆಗಿದೆ, ಅದೂ ಚೆನ್ನಾಗಿಯೇ. ಅಂಕಿ ನೋಡಿದರೆ ಎರಡೂ ಹೆಚ್ಚುಕಮ್ಮಿ ಒಂದೇ. ಎರಡರಲ್ಲೂ 4 ಕೋರ್ (ಚಿಪ್ ಒಳಗೆ ಲೆಕ್ಕ ಮಾಡುವ ಭಾಗ), 8 ಥ್ರೆಡ್ (ಒಟ್ಟಿಗೆ ನಡೆಸಬಲ್ಲ ಕೆಲಸ). ಬೇಸ್ ಸ್ಪೀಡ್ ಹಳೆಯದರದ್ದೇ ಒಂಚೂರು ಜಾಸ್ತಿ: 3.4 ಗಿಗಾಹರ್ಟ್ಸ್, ಹೊಸದರದ್ದು 3.3. ಟರ್ಬೋ (ಕೆಲಸ ಜಾಸ್ತಿ ಇದ್ದಾಗ ಏರುವ ಗರಿಷ್ಠ ಸ್ಪೀಡ್) ಮಾತ್ರ 3.9ರಿಂದ 4.3ಕ್ಕೆ ಏರಿದೆ. ಅಸಲಿ ವ್ಯತ್ಯಾಸ ಇರುವುದು ಒಳಗೆ. ಹೊಸ ಕೋರ್ ಪ್ರತಿ ಸೈಕಲ್‌ನಲ್ಲೂ (ಚಿಪ್ಪಿನ ಒಂದೊಂದು ಮಿಡಿತಕ್ಕೂ) ಜಾಸ್ತಿ ಕೆಲಸ ಮುಗಿಸುತ್ತದೆ. ಒಂದೊಂದು ಕೋರ್‌ಗೆ 256 ಕೆಬಿ ಇದ್ದ ಎಲ್2 ಕ್ಯಾಶ್ (ಚಿಪ್ ಒಳಗೇ ಇರುವ ಫಾಸ್ಟ್ ಮೆಮೊರಿ) ಈಗ 1.25 ಎಂಬಿ.

ಎಸ್‌ಎಸ್‌ಡಿ ಹಳೆಯದೇ, ಹಾಗಾಗಿ ಡಿಸ್ಕ್‌ನಿಂದ ಸ್ಪೀಡ್ ಬಂತು ಅನ್ನುವಂತಿಲ್ಲ. ಮೊದಲು ದೊಡ್ಡ ಎಕ್ಸೆಲ್ ಶೀಟ್‌ನಲ್ಲಿ ಒಂದು ಸೆಲ್ ಬದಲಿಸಿದರೂ ಕೆಳಗಡೆ ಪರ್ಸೆಂಟೇಜ್ ಏರುವುದನ್ನೇ ನೋಡುತ್ತಾ ಸುಮ್ನೆ ಕೂರಬೇಕಿತ್ತು. ಈಗ ಅದು ಕಣ್ಣಿಗೆ ಬೀಳುವಷ್ಟರಲ್ಲಿ ಮಾಯ. ಬ್ರೌಸಿಂಗ್, ವಿಡಿಯೋ ನೋಡುವುದರಲ್ಲಿ ಅಂಥಾ ಬದಲಾವಣೆ ಏನಿಲ್ಲ. ಅಷ್ಟಕ್ಕೇ ಆಗಿದ್ದರೆ ನಾನು ಬದಲಿಸುತ್ತಿರಲಿಲ್ಲ.

ಸಾಕೆಟ್ (ಚಿಪ್ ಕೂರುವ ಜಾಗ) ಬೇರೆ ಆದ್ದರಿಂದ ಮದರ್‌ಬೋರ್ಡ್ ಕೂಡ ಹೊಸದು ಬೇಕಾಯಿತು. ಹಳೆಯ ಡಿಡಿಆರ್3 ರ‍್ಯಾಮ್ ಅದರಲ್ಲಿ ಕೂರುವುದಿಲ್ಲ, ಡಿಡಿಆರ್4 ಹಾಕಿದೆ. ಬರೀ ಚಿಪ್‌ನ ಬೆಲೆ ನೋಡಿ ಲೆಕ್ಕ ಹಾಕಬೇಡಿ ಅಂತ ನೀವು ಹೇಳಿದ್ದು ಸರಿಯಾಗೇ ಇತ್ತು.

4770ಗೆ ವಿಂಡೋಸ್ 11ರ ಅಧಿಕೃತ ಸಪೋರ್ಟ್ ಇಲ್ಲ ಅಲ್ವಾ? ಅದಕ್ಕೆ ಲಿನಕ್ಸ್ ಹಾಕಿ ಬ್ಯಾಕಪ್‌ಗೆ ಇಟ್ಟುಕೊಂಡಿದ್ದೇನೆ.