ಜಾಝ್ ಬೇಸ್‌ಗೆ ವಾಲ್ಯೂಮ್ ಪಾಟ್: 250ಕೆ ಸಾಕಾ, 500ಕೆ ಬೇಕಾ?

ದಪ್ಪತಂತಿ:
ಸೆಕೆಂಡ್ ಹ್ಯಾಂಡ್ ಜಾಝ್ ಬೇಸ್ ಗಿಟಾರ್ ತಗೊಂಡಿದ್ದೇನೆ. ಪ್ಯಾಸಿವ್ (ಬ್ಯಾಟರಿ ಇಲ್ಲದ್ದು), ಎರಡು ಸಿಂಗಲ್ ಕಾಯಿಲ್ ಪಿಕಪ್ (ತಂತಿಯ ಕಂಪನ ಹಿಡಿಯುವ ಸುರುಳಿ), ಎರಡು ವಾಲ್ಯೂಮ್, ಒಂದು ಟೋನ್. ನಾಬ್ ತಿರುಗಿಸಿದರೆ ಕರಕರ ಅನ್ನುತ್ತದೆ. ಮೂರೂ ನಾಬ್ ಪೂರ್ತಿ ತೆರೆದರೂ ಸೌಂಡ್ ಮಂಕು, ಸ್ಲ್ಯಾಪ್ ಮಾಡಿದರೆ (ಹೆಬ್ಬೆರಳಿಂದ ತಂತಿ ಬಡಿದರೆ) ಆ 'ಟಣ್' ಬರುವುದೇ ಇಲ್ಲ. ಗೆಳೆಯನ ಹತ್ತಿರ ಆಕ್ಟಿವ್ (ಬ್ಯಾಟರಿ ಇರುವ) ಬೇಸ್‌ನಿಂದ ತೆಗೆದ 25ಕೆ (ಕಿಲೋ ಓಮ್) ಪಾಟ್‌ಗಳು, ಅಂದರೆ ನಾಬ್ ಕೆಳಗಿನ ರೆಸಿಸ್ಟರ್‌ಗಳು, ಸುಮ್ನೆ ಬಿದ್ದಿವೆ, ಅವನ್ನೇ ಹಾಕಬಹುದಾ? ಇನ್ನೊಂದು, ಈಗಿರುವ ವಾಲ್ಯೂಮ್ ಪಾಟ್ ಮೇಲೆ ಎ250ಕೆ ಅಂತಿದೆ, ಮೀಟರ್ ಇಟ್ಟರೆ 7.4ಕೆ ತೋರಿಸುತ್ತದೆ. ಸತ್ತುಹೋಗಿದೆಯಾ?

ಬೆಸುಗೆಮಾಮ:
ಸತ್ತಿಲ್ಲ. ನೀವು ಅಳೆದದ್ದು ಪಿಕಪ್ ಕಾಯಿಲನ್ನು. ವೈರ್ ಬಿಚ್ಚಿ, ಪಾಟಿನ ಎರಡು ತುದಿ ಕಾಲುಗಳ ಮೇಲೆ ಮೀಟರ್ ಇಡಿ. 200ರಿಂದ 300ಕೆ ಒಳಗೆ ಏನು ಬಂದರೂ ಸರಿ, ಶೇ. 20 ಆಚೀಚೆ ಇರುವುದು ಮಾಮೂಲು.

25ಕೆ ಬೇಡವೇ ಬೇಡ. ಅದು ಆಕ್ಟಿವ್ ಪಿಕಪ್‌ಗೆ. ಪ್ಯಾಸಿವ್‌ಗೆ ಹಾಕಿದರೆ ಕಂಬಳಿ ಹೊದಿಸಿದ ಹಾಗೆ ಕೇಳಿಸುತ್ತದೆ.

ಈಗ ಲೆಕ್ಕ. ನಾಬ್ ಪೂರ್ತಿ ತೆರೆದಿದ್ದರೂ ಪಾಟ್ ಪಿಕಪ್‌ನ ಮೇಲೆ ಹೊರೆ ಹಾಕುತ್ತಲೇ ಇರುತ್ತದೆ, ಟ್ರೆಬಲ್ ಸ್ವಲ್ಪ ಸ್ವಲ್ಪವಾಗಿ ಗ್ರೌಂಡಿಗೆ ಸೋರುತ್ತದೆ. ಮೇಲಿನ ಸ್ವರಗಳಿಗೆ ಟೋನ್ ಕೆಪಾಸಿಟರ್ ಬರೀ ವೈರ್ ಇದ್ದಂತೆ, ಹಾಗಾಗಿ ಟೋನ್ ಪಾಟನ್ನೂ ಲೆಕ್ಕಕ್ಕೆ ಸೇರಿಸಬೇಕು. ನಿಮ್ಮದರಲ್ಲಿ 250ಕೆ ಮೂರು ಪ್ಯಾರಲಲ್, ಅಂದರೆ ಸುಮಾರು 83ಕೆ (ಈ ಅಂಕಿ ಇಳಿದಷ್ಟೂ ಹೊರೆ ಜಾಸ್ತಿ). ಪ್ರೆಸಿಷನ್ ಬೇಸ್ ಅನ್ನುವ ಇನ್ನೊಂದು ಮಾದರಿಯಲ್ಲಿ ಇರುವುದೇ ಎರಡು ಪಾಟ್, ಅಲ್ಲಿ 125ಕೆ. ಅದೇ 250ಕೆ ಪಾಟ್ ಹಾಕಿದರೂ ಜಾಝ್‌ಗೆ ಹೊರೆ ಜಾಸ್ತಿ, ಇದನ್ನು ಯಾರೂ ಹೇಳುವುದಿಲ್ಲ. ವಾಲ್ಯೂಮ್ ಎರಡನ್ನೂ 500ಕೆ ಮಾಡಿ ಟೋನ್ 250ಕೆ ಹಾಗೇ ಬಿಟ್ಟರೆ ಸರಿಯಾಗಿ 125ಕೆ ಆಗುತ್ತದೆ. ನನ್ನ ಓಟು ಇದಕ್ಕೇ. ಮೂರೂ 500ಕೆ ಹಾಕಿದರೆ 167ಕೆ, ಟ್ರೆಬಲ್ ಇನ್ನೂ ಜಾಸ್ತಿ, ಆದರೆ ಫ್ರೆಟ್ ಮೇಲೆ ಬೆರಳು ಜಾರುವ ಸದ್ದೂ ಎದ್ದು ಕೇಳುತ್ತದೆ.

ಅಂಗಡಿಯಲ್ಲಿ 470ಕೆ ಸಿಕ್ಕರೂ ತಗೊಳ್ಳಿ, ವ್ಯತ್ಯಾಸ ಕಿವಿಗೆ ತಿಳಿಯುವುದಿಲ್ಲ. ಪಾಟ್ ಮೇಲೆ ಎ (ಆಡಿಯೊ ಟೇಪರ್, ಕಿವಿಗೆ ಸಮನಾಗಿ ಏರಿಳಿಯುವುದು) ಅಂತ ಇರಲಿ. ಬಿ ಅಂದರೆ ಲೀನಿಯರ್, ಅದರಲ್ಲಿ ಸೌಂಡ್ ಇಳಿಯುವುದೆಲ್ಲ ಕೊನೆಯ ಚೂರಿನಲ್ಲೇ. ಅಮೆರಿಕನ್ ಪಾಟಿನ ತಿರುಪು ಇರುವ ಕತ್ತು 9.5 ಮಿ.ಮೀ. ದಪ್ಪ, ಅಗ್ಗದ ಬೇಸ್‌ಗಳ ಪ್ಲೇಟಿನ ತೂತು ಸಣ್ಣದಿರುತ್ತದೆ, ಅಳೆದು ಹೋಗಿ.

ಅಂದ ಹಾಗೆ ತಂತಿ ಯಾವ ಕಾಲದ್ದು? ಹಳೆಯದಾಗಿದ್ದರೆ ಮೊದಲು ಅದನ್ನು ಬದಲಿಸಿ, ಕರಕರಕ್ಕೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ನೋಡಿ. ಪಾಟ್ ಖರ್ಚೇ ಉಳಿಯಬಹುದು.

ದಪ್ಪತಂತಿ:
ಹೊಸ ತಂತಿ ಹಾಕಿದೆ, ಅರ್ಧ ಮಂಕು ಅಲ್ಲೇ ಹೋಯಿತು! ಕ್ಲೀನರ್‌ಗೆ ಕರಕರ ಬಗ್ಗಲಿಲ್ಲ, ಹಾಗಾಗಿ ಎ500ಕೆ ಎರಡು ಹಾಕಿಸಿದೆ. ಈಗ 'ಟಣ್' ಬರುತ್ತಿದೆ. ಆದರೆ ಒಂದು ವಾಲ್ಯೂಮ್ ಇಳಿಸಿದರೆ ಗುಂಯ್ ಅನ್ನುತ್ತದೆ, ಎರಡೂ ಸಮ ಇಟ್ಟರೆ ಇಲ್ಲ. ಬೆಸುಗೆ ಕೆಟ್ಟಿದೆಯಾ?

ಬೆಸುಗೆಮಾಮ:
ಇಲ್ಲ, ಜಾಝ್ ಬೇಸ್ ಇರುವುದೇ ಹಾಗೆ. ಎರಡು ಪಿಕಪ್‌ಗಳ ಸುತ್ತು ಒಂದಕ್ಕೊಂದು ಉಲ್ಟಾ, ಸಮ ಇದ್ದಾಗ ಮಾತ್ರ ಹಮ್ ಕ್ಯಾನ್ಸಲ್ ಆಗುತ್ತದೆ. ತಂತಿ ಮುಟ್ಟಿದಾಗಲೂ ಗುಂಯ್ ಒಂಚೂರೂ ಇಳಿಯದಿದ್ದರೆ ಬ್ರಿಡ್ಜ್‌ನ (ತಂತಿಗಳು ಕೂರುವ ಲೋಹದ ಪಟ್ಟಿ) ಗ್ರೌಂಡ್ ವೈರ್ ನೋಡಿ.